ಮನೆ ಪಾಲಾದ ಮೇಲಿನ ಮಾತುಕತೆ: ಗ್ರೀನ್‌ಲ್ಯಾಂಡಿನ ಮೀನು, ಯುರೋಪಿನ ಸಂತೆ

ಬ್ರಿಟನ್ ದೇಶವು ಯುರೋಪಿಯನ್ ಒಕ್ಕೂಟವನ್ನು ಬಿಟ್ಟುಬಂದ ವಿಷಯವಾಗಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಪತ್ರ ಬರೆದಿದ್ದರು. “ಸಾರ್, ಆ ಕೂಟಕ್ಕೆ ಸೇರಿ ಆಮೇಲೆ ಬೇಡವೆಂದು ಎದ್ದು ಬಂದವರಲ್ಲಿ ಬ್ರಿಟನ್ನೇ ಮೊದಲನೆಯದಲ್ಲವೇ?” ಎಂಬುದು ಅವರ ಪ್ರಶ್ನೆ. ಸ್ವತಂತ್ರ ರಾಷ್ಟ್ರಗಳ ಪೈಕಿ ಹೌದು. ಆದರೆ ಜನರ ಮತವನ್ನು ಕೇಳಿ, ಬಹುಮತದ ಮೇರೆಗೆ ಹೊರಬಂದ ಮೊದಲ ನಾಡು ಬೇರೊಂದಿದೆ. ಅದು ಗ್ರೀನ್‌ಲ್ಯಾಂಡ್. ಅದು ಹೊರಬಂದದ್ದು 1985ರ ಫೆಬ್ರವರಿ 1ರಂದು. ಬ್ರಿಟನ್ ಹೊರಬಂದದ್ದು 2020ರ ಜನವರಿ 31ರ ರಾತ್ರಿ. ಲಂಡನ್ನಿನಲ್ಲಿ ಆಗ ಹನ್ನೊಂದು ಗಂಟೆ, ಬ್ರಸೆಲ್ಸ್‌ನಲ್ಲಿ ಮಧ್ಯರಾತ್ರಿ, ಅಂದರೆ ಅಲ್ಲಿನ ಲೆಕ್ಕದಲ್ಲಿ ಫೆಬ್ರವರಿ 1. ಸರಿಯಾಗಿ ಮೂವತ್ತೈದು ವರ್ಷ. ಇದು ಕೇವಲ ಕಾಕತಾಳೀಯ. ಆದರೆ ಇಸವಿಗಳನ್ನು ಬಾಯಿಪಾಠ ಮಾಡಿಸುವುದರಲ್ಲೇ ಆಯುಷ್ಯ ಸವೆಸಿದ ನನ್ನಂಥವನಿಗೆ ಇಂಥವು ಕಣ್ಣಿಗೆ ಬೀಳದೆ ಇರುವುದಿಲ್ಲ.

ತರಗತಿಯ ಗೋಡೆಯ ಮೇಲಿನ ಪ್ರಪಂಚದ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತಿದ್ದುದು ನಿಮಗೆ ನೆನಪಿರಬಹುದು. ಗೋಲವನ್ನು ಕಾಗದದ ಮೇಲೆ ಹರವಿದಾಗ ಧ್ರುವದ ಕಡೆಯ ನೆಲ ಹಿಗ್ಗುತ್ತದೆ ಎಂದು ನಾನು ಹೇಳುತ್ತಿದ್ದೆ. ನಿಜವಾದ ವಿಸ್ತಾರ ಸುಮಾರು 21 ಲಕ್ಷ 66 ಸಾವಿರ ಚದರ ಕಿಲೋಮೀಟರು, ನಮ್ಮ ಕರ್ನಾಟಕದ ಹನ್ನೊಂದರಷ್ಟು. ಆಗ ಸಮುದಾಯದಲ್ಲಿದ್ದ ಹತ್ತು ದೇಶಗಳ ಯುರೋಪಿನ ನೆಲವನ್ನೆಲ್ಲ ಒಟ್ಟುಗೂಡಿಸಿದರೂ ಅಷ್ಟಾಗುತ್ತಿರಲಿಲ್ಲ. ಜನಸಂಖ್ಯೆ ಮಾತ್ರ ಐವತ್ತು ಸಾವಿರದ ಆಸುಪಾಸು. ನಮ್ಮ ಒಂದು ತಾಲ್ಲೂಕು ಕೇಂದ್ರದಲ್ಲಿ ಅಷ್ಟು ಜನ ಸಿಗುತ್ತಾರೆ. ನೆಲದ ಬಹುಭಾಗ ಹಿಮಗಡ್ಡೆ. ಬದುಕೆಲ್ಲ ಕರಾವಳಿಯಲ್ಲಿ, ಮೀನು, ಸೀಗಡಿ, ಸೀಲ್ ಪ್ರಾಣಿಗಳ ಬೇಟೆ.

ಈ ನಾಡು ಯುರೋಪಿಯನ್ ಆರ್ಥಿಕ ಸಮುದಾಯದೊಳಕ್ಕೆ ಹೋದ ರೀತಿಯೇ ವಿಚಿತ್ರವಾದುದು. 1953ರವರೆಗೆ ಅದು ಡೆನ್ಮಾರ್ಕಿನ ವಸಾಹತಾಗಿತ್ತು. ಅನಂತರ ಕಾನೂನಿನ ದೃಷ್ಟಿಯಲ್ಲಿ ಡೆನ್ಮಾರ್ಕಿನದೇ ಒಂದು ಜಿಲ್ಲೆಯಂತಾಯಿತು. 1972ರ ಅಕ್ಟೋಬರ್‌ನಲ್ಲಿ, ಸಮುದಾಯಕ್ಕೆ ಸೇರಬೇಕೇ ಬೇಡವೇ ಎಂದು ಡೆನ್ಮಾರ್ಕ್ ಜನಮತಗಣನೆ ನಡೆಸಿದಾಗ ಗ್ರೀನ್‌ಲ್ಯಾಂಡಿನ ಮತದಾರರಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿ ಬೇಡವೆಂದರು. ಒಟ್ಟು ಎಣಿಕೆಯಲ್ಲಿ ಅವರ ದನಿ ಮುಳುಗಿಹೋಯಿತು. 1973ರ ಜನವರಿ 1ರಂದು ಡೆನ್ಮಾರ್ಕ್, ಬ್ರಿಟನ್, ಐರ್ಲೆಂಡುಗಳು ಸದಸ್ಯರಾದಾಗ, ಒಲ್ಲೆನೆಂದ ಗ್ರೀನ್‌ಲ್ಯಾಂಡ್ ಕೂಡ ಡೆನ್ಮಾರ್ಕಿನ ಕೈಹಿಡಿದು ಒಳನಡೆಯಬೇಕಾಯಿತು. ಅದೇ ಡೆನ್ಮಾರ್ಕಿಗೆ ಸೇರಿದ ಫೆರೋ ದ್ವೀಪಗಳು ಹೊರಗುಳಿದವು. ಏಕೆಂದರೆ ಅವುಗಳಿಗೆ 1948ರಲ್ಲಿಯೇ ಸ್ವಯಮಾಡಳಿತ ದೊರೆತಿತ್ತು. ಗ್ರೀನ್‌ಲ್ಯಾಂಡಿನ ತರುಣ ನಾಯಕರು ಈ ವ್ಯತ್ಯಾಸವನ್ನು ಚೆನ್ನಾಗಿ ಗಮನಿಸಿದರು.

ಒಳಗಿದ್ದ ಕಾಲದಲ್ಲಿ ಸಹಾಯಧನ ಬರಲಿಲ್ಲವೆಂದಲ್ಲ, ಬಂತು. ಆದರೆ ಮನೆಯ ಮುಂದಿನ ಕಡಲಿನಲ್ಲಿ ಯಾರು ಎಷ್ಟು ಮೀನು ಹಿಡಿಯಬೇಕೆಂಬ ತೀರ್ಮಾನ ಬ್ರಸೆಲ್ಸ್‌ನಲ್ಲಿ ಆಗುತ್ತಿತ್ತು. ಪಶ್ಚಿಮ ಜರ್ಮನಿಯ ದೊಡ್ಡ ಟ್ರಾಲರುಗಳು ಕಾಡ್ ಮೀನನ್ನು ಬಾಚಿಕೊಂಡು ಹೋಗುವುದನ್ನು ದಡದಲ್ಲಿ ನಿಂತು ನೋಡುವುದು ಬೆಸ್ತರಿಗೆ ಸಹಿಸಲಾಗಲಿಲ್ಲ. 1979ರ ಮೇ 1ರಂದು ಸ್ವಯಮಾಡಳಿತ ಬಂದಿತು. ಪಾದ್ರಿಯಾಗಿದ್ದ ಯೋನಾಥನ್ ಮೋಟ್ಸ್‌ಫೆಲ್ಟ್ ಮೊದಲ ಪ್ರಧಾನಿಯಾದರು. ಅವರ ಸಿಯುಮುಟ್ ಪಕ್ಷ ಹೊರಬರಬೇಕೆಂದಿತು. ಪ್ರತಿಪಕ್ಷವಾದ ಅಟಾಸ್ಸುಟ್ ಉಳಿಯೋಣವೆಂದಿತು. 1982ರ ಫೆಬ್ರವರಿ 23ರಂದು ಮತದಾನ ನಡೆಯಿತು. ಹೊರಬರಲು 12,615 ಮತ, ಉಳಿಯಲು 11,180. ಅಂತರ ಒಂದೂವರೆ ಸಾವಿರವೂ ಇಲ್ಲ! ನಮ್ಮಲ್ಲಿ ಪುರಸಭೆಯ ಚುನಾವಣೆಯಲ್ಲೂ ಇದಕ್ಕಿಂತ ದೊಡ್ಡ ಅಂತರ ಕಂಡದ್ದುಂಟು.

ನಿಜವಾದ ಕಥೆ ಆರಂಭವಾಗುವುದು ಇಲ್ಲಿಂದ. ಮತ ಹಾಕಲು ಒಂದು ದಿನ ಸಾಕಾಯಿತು. ಹೊರಬರಲು ಮೂರು ವರ್ಷ ಬೇಕಾಯಿತು. ಅವಿಭಕ್ತ ಕುಟುಂಬದಲ್ಲಿ ಪಾಲಾಗುವುದನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು. ಪಾಲು ಬೇಕೆಂದು ಹೇಳುವುದು ಒಂದು ಸಂಜೆಯ ಮಾತು. ಬಾವಿಯ ನೀರಿಗೆ ಯಾರಿಗೆ ಹಕ್ಕು, ಗದ್ದೆಗೆ ಗಾಡಿ ಹೋಗುವ ದಾರಿ ಯಾರ ಜಾಗದ ಮೇಲೆ ಎಂಬುದನ್ನು ಪಾಲುಪಟ್ಟಿಯಲ್ಲಿ ಬರೆಯುವಾಗಲೇ ವರ್ಷಗಳು ಉರುಳುವುದು. ಗ್ರೀನ್‌ಲ್ಯಾಂಡಿನ ಪಾಲಿಗೆ ಬಾವಿಯೆಂದರೆ ಕಡಲು. ದಾರಿಯೆಂದರೆ ಯುರೋಪಿನ ಮಾರುಕಟ್ಟೆಗೆ ಸುಂಕವಿಲ್ಲದ ಪ್ರವೇಶ. ಹೊರಗಿನವರ ಮೀನಿಗೆ ಸಮುದಾಯ ಸುಂಕ ಹಾಕುತ್ತಿತ್ತು. ತಮ್ಮ ಮೀನಿಗೂ ಅದು ಬಿದ್ದರೆ, ಕಡಲನ್ನು ಮರಳಿ ಪಡೆದೂ ಪ್ರಯೋಜನವೇನು?

ಆಗಿನ ಒಪ್ಪಂದದಲ್ಲಿ ಹೊರಹೋಗುವುದಕ್ಕೆ ಬಾಗಿಲೇ ಇರಲಿಲ್ಲ. ಈಗ ಪ್ರಸಿದ್ಧವಾಗಿರುವ 50ನೆಯ ವಿಧಿ ಜಾರಿಗೆ ಬಂದದ್ದು ಲಿಸ್ಬನ್ ಒಪ್ಪಂದದ ಮೂಲಕ, 2009ರಲ್ಲಿ. ಆದ್ದರಿಂದ ಮೂಲ ಒಪ್ಪಂದವನ್ನೇ ತಿದ್ದಬೇಕಾಯಿತು. ಹತ್ತೂ ದೇಶಗಳು ಒಪ್ಪಿ ಅನುಮೋದಿಸಬೇಕಾಯಿತು. ಹೊರಹೋಗುವವರ ಪರವಾಗಿ ವಾದಿಸುತ್ತಿದ್ದ ಡೆನ್ಮಾರ್ಕ್ ಸ್ವತಃ ಒಳಗೇ ಉಳಿಯುವ ದೇಶ. ತಮ್ಮನ ಪಾಲನ್ನು ಕೇಳುತ್ತಲೇ ದೊಡ್ಡ ಮನೆಯಲ್ಲಿ ಊಟಕ್ಕೆ ಕುಳಿತ ಅಣ್ಣನ ಸ್ಥಿತಿ! ಆದರೆ ಗ್ರೀನ್‌ಲ್ಯಾಂಡಿಗೆ ಅದರಿಂದ ಉಪಕಾರವೇ ಆಯಿತೆಂದು ನನ್ನ ಅಭಿಪ್ರಾಯ. ಒಳಗೊಬ್ಬ ಹಿತೈಷಿ ಇಲ್ಲದಿದ್ದರೆ ಐವತ್ತು ಸಾವಿರ ಜನರ ಮಾತಿಗೆ ಆ ಮೇಜಿನಲ್ಲಿ ಎಷ್ಟು ಬೆಲೆ ಸಿಗುತ್ತಿತ್ತೋ ಹೇಳಲಾಗದು.

ಇನ್ನೊಂದು ಬಲವೂ ಅವರ ಬಳಿ ಇತ್ತು. ಪಶ್ಚಿಮ ಜರ್ಮನಿಗೆ ಕಾಡ್ ಮೀನು ಬೇಕಾಗಿತ್ತು. 1984ರ ಮಾರ್ಚ್ 13ರಂದು ಬ್ರಸೆಲ್ಸ್‌ನಲ್ಲಿ ಸಹಿಯಾದ ಒಪ್ಪಂದದ ತಿರುಳು ಇಷ್ಟು. ಗ್ರೀನ್‌ಲ್ಯಾಂಡಿಗೆ ‘ಸಾಗರೋತ್ತರ ದೇಶ ಮತ್ತು ಪ್ರದೇಶ’ ಎಂಬ ಸ್ಥಾನ. ಅದರ ಮೀನಿಗೆ ಯುರೋಪಿನಲ್ಲಿ ಸುಂಕವೂ ಇಲ್ಲ, ಪ್ರಮಾಣದ ಮಿತಿಯೂ ಇಲ್ಲ. ಪ್ರತಿಯಾಗಿ ಸಮುದಾಯದ ದೋಣಿಗಳಿಗೆ ಗ್ರೀನ್‌ಲ್ಯಾಂಡಿನ ಕಡಲಿನಲ್ಲಿ ಗೊತ್ತುಪಡಿಸಿದ ಪಾಲು. ಆ ಪಾಲಿಗಾಗಿ ಸಮುದಾಯ ವರ್ಷಕ್ಕೆ 265 ಲಕ್ಷ ‘ಎಕ್ಯು’ ಕೊಡಬೇಕು. (ಎಕ್ಯು ಎಂದರೆ ಯುರೋ ನಾಣ್ಯ ಬರುವ ಮೊದಲು ಅವರು ಲೆಕ್ಕಕ್ಕೆ ಬಳಸುತ್ತಿದ್ದ ಮಾನ.) ಹಿಂದೆ ಸದಸ್ಯತ್ವದ ನಿಯಮವೆಂದು ಬಿಟ್ಟುಕೊಡುತ್ತಿದ್ದ ಮೀನಿಗೆ ಈಗ ಒಪ್ಪಂದದಲ್ಲಿ ಬರೆದಿಟ್ಟ ಬೆಲೆ ದೊರೆಯಿತು.

ಆದರೂ ಒಪ್ಪಂದದಲ್ಲಿ ಒಂದು ಶಬ್ದವಿದೆ. ವ್ಯಾಕರಣ ಕಲಿಸಿದವರಿಗೂ ವಕೀಲರಿಗೂ ಪ್ರಿಯವಾಗುವಂಥದ್ದು. ಸುಂಕವಿಲ್ಲದ ಪ್ರವೇಶವು, ಸಮುದಾಯಕ್ಕೆ ದೊರೆಯುವ ಮೀನುಗಾರಿಕೆಯ ಅವಕಾಶ ‘ತೃಪ್ತಿಕರ’ವಾಗಿದ್ದರೆ ಮಾತ್ರ. ತೃಪ್ತಿ ಯಾರದು? ಕೊಳ್ಳುವವನದು. ಮಾರುಕಟ್ಟೆಯ ಬೀಗದ ಕೈ ಬ್ರಸೆಲ್ಸ್‌ನಲ್ಲೇ ಉಳಿಯಿತು. ಗ್ರೀನ್‌ಲ್ಯಾಂಡ್ ತನ್ನ ಕಡಲಿಗೆ ತಾನೇ ಒಡೆಯನಾಯಿತು, ನಿಜ. ಅತಿಥಿಗಳನ್ನು ಪೂರ್ತಿಯಾಗಿ ಹೊರಗಟ್ಟುವ ಒಡೆತನವಾಗಲಿಲ್ಲ. ಸೀಲ್ ಚರ್ಮದ ವಿಷಯದಲ್ಲಂತೂ ಏನೂ ದಕ್ಕಲಿಲ್ಲ. 1983ರಲ್ಲಿ ಸಮುದಾಯವು ಸೀಲ್ ಮರಿಗಳ ಚರ್ಮದ ಆಮದನ್ನು ನಿಷೇಧಿಸಿತು. ಗ್ರೀನ್‌ಲ್ಯಾಂಡಿನವರು ಬೇಟೆಯಾಡುತ್ತಿದ್ದುದು ಬಹುಮಟ್ಟಿಗೆ ಬೆಳೆದ ಪ್ರಾಣಿಗಳನ್ನು. ಆದರೆ ಕೊಳ್ಳುವವರಿಗೆ ಆ ಭೇದವೆಲ್ಲಿ? ಬೆಲೆ ಕುಸಿದು ಬೇಟೆಗಾರರ ಕುಟುಂಬಗಳು ಬಹಳ ಕಷ್ಟಕ್ಕೀಡಾದವು.

ಮುಂದೆ ವಿಧಿಯೂ ಒಂದು ಆಟವಾಡಿತು. ಅಷ್ಟೆಲ್ಲ ಜಗಳಕ್ಕೆ ಕಾರಣವಾದ ಕಾಡ್ ಮೀನು 1990ರ ದಶಕದ ಆರಂಭಕ್ಕೆ ಪಶ್ಚಿಮ ಕರಾವಳಿಯಿಂದ ಹೆಚ್ಚುಕಡಿಮೆ ಕಾಣೆಯಾಯಿತು. ಸೀಗಡಿಯೇ ಮುಖ್ಯ ರಫ್ತಾಯಿತು. ಯುರೋಪು ಮಾತ್ರ ಸಿಗದ ಮೀನಿಗೂ ಹಣ ಕೊಡುತ್ತಲೇ ಇತ್ತು. ಲೆಕ್ಕದಲ್ಲಷ್ಟೇ ಈಜುವ ಇವುಗಳಿಗೆ ‘ಕಾಗದದ ಮೀನು’ ಎಂದು ಹೆಸರು ಬಿದ್ದಿತು. ಟೀಕೆಗಳು ಬಂದ ಮೇಲೆ, 2007ರಿಂದ, ಮೀನಿನ ಹಣವನ್ನೂ ನೆರವಿನ ಹಣವನ್ನೂ ಬೇರೆಬೇರೆ ಮಾಡಿದರು. ವರ್ಷಕ್ಕೆ 250 ಲಕ್ಷ ಯೂರೋಗಳ ಆ ನೆರವು ಹೋದದ್ದು ಶಿಕ್ಷಣಕ್ಕೆ: ಶಾಲೆಗಳಿಗೆ, ವೃತ್ತಿ ತರಬೇತಿಗೆ. ಈ ಸಂಗತಿಯನ್ನು ಓದಿದಾಗ ನನ್ನೊಳಗಿನ ಮೇಷ್ಟರಿಗೆ ಆದ ಸಂತೋಷವನ್ನು ನೀವು ಊಹಿಸಬಲ್ಲಿರಿ. 2021ರಿಂದ 2027ರ ಅವಧಿಗೆ ಗೊತ್ತುಮಾಡಿದ 22 ಕೋಟಿ 50 ಲಕ್ಷ ಯೂರೋಗಳಲ್ಲೂ ಬಹುಪಾಲು ಶಿಕ್ಷಣಕ್ಕೇ.

ಈಗ ಬ್ರಿಟನ್ನಿನ ಕಡೆ ನೋಡಿ. ಅದರ ರಾಷ್ಟ್ರೀಯ ಆದಾಯದಲ್ಲಿ ಮೀನುಗಾರಿಕೆಯ ಪಾಲು ಸಾವಿರದಲ್ಲಿ ಒಂದರಷ್ಟು. ಆದರೂ 2020ರ ಡಿಸೆಂಬರ್ 24ರಂದು ವ್ಯಾಪಾರ ಒಪ್ಪಂದ ಕುದುರುವವರೆಗೆ ಕೊನೆಯ ಗಳಿಗೆಗಳಲ್ಲಿ ಎಳೆದಾಡಿದ್ದು ಮೀನನ್ನೇ. ಬ್ರಿಟಿಷ್ ಕಡಲಿನಲ್ಲಿ ಯುರೋಪಿನವರು ಹಿಡಿಯುತ್ತಿದ್ದ ಮೀನಿನ ಮೌಲ್ಯದಲ್ಲಿ ನಾಲ್ಕನೆಯ ಒಂದು ಭಾಗವನ್ನು ಐದೂವರೆ ವರ್ಷಗಳಲ್ಲಿ ಬಿಟ್ಟುಕೊಡುವುದೆಂದಾಯಿತು. ಬ್ರಿಟನ್ ಮುಂದೆ ಪ್ರವೇಶವನ್ನು ಮೊಟಕುಮಾಡಿದರೆ ಅದರ ಸರಕಿನ ಮೇಲೆ ಸುಂಕ ಹೇರುವ ಅಧಿಕಾರವನ್ನು ಒಕ್ಕೂಟ ಇಟ್ಟುಕೊಂಡಿತು. 1984ರ ‘ತೃಪ್ತಿಕರ’ವೇ ಬೇರೆ ಅಂಗಿ ತೊಟ್ಟು ಬಂದಂತಿದೆ! 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ನಡೆದ ಮಾತುಕತೆಯಲ್ಲಿ ಯುರೋಪಿನ ದೋಣಿಗಳ ಪ್ರವೇಶವನ್ನು 2038ರವರೆಗೆ ವಿಸ್ತರಿಸಲು ಬ್ರಿಟನ್ ಒಪ್ಪಿತು. ಅಲ್ಲಿನ ಮೀನುಗಾರರು ಅಸಮಾಧಾನಗೊಂಡರು. ಐವತ್ತು ಸಾವಿರ ಜನರ ನಾಡಿಗೂ ಆರೂವರೆ ಕೋಟಿ ಮೀರಿದ ಜನರ ದೇಶಕ್ಕೂ ಆ ಮೇಜಿನ ಮೇಲೆ ಬಿದ್ದದ್ದು ಒಂದೇ ಪ್ರಶ್ನೆ. ವ್ಯತ್ಯಾಸವಿಷ್ಟೇ: ಗ್ರೀನ್‌ಲ್ಯಾಂಡ್ ತನಗೆ ಬೇಕಾದದ್ದು ಎರಡೇ ಎರಡು ಎಂದು ಮೊದಲೇ ತಿಳಿದುಕೊಂಡು ಹೋಗಿತ್ತು, ಬ್ರಿಟನ್ನಿಗೆ ತನಗೇನು ಬೇಕೆಂಬುದನ್ನು ನಿರ್ಧರಿಸಿಕೊಳ್ಳುವುದಕ್ಕೇ ವರ್ಷಗಳು ಹಿಡಿದವು.

ಗ್ರೀನ್‌ಲ್ಯಾಂಡಿನ ಸ್ವಯಮಾಡಳಿತ 2009ರ ಜೂನ್ 21ರಂದು ಇನ್ನಷ್ಟು ವಿಸ್ತಾರಗೊಂಡು ನೆಲದೊಳಗಿನ ಖನಿಜಗಳೂ ಅದರ ಅಧಿಕಾರಕ್ಕೆ ಬಂದವು. ಈಗ ದೊಡ್ಡ ದೊಡ್ಡವರ ಕಣ್ಣೆಲ್ಲ ಆ ಖನಿಜಗಳ ಮೇಲೆ. ಒಲ್ಲೆನೆಂದು ಹೊರಟುಹೋದ ನಾಡಿನ ರಾಜಧಾನಿ ನೂಕ್ ಪಟ್ಟಣದಲ್ಲಿ 2024ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟವೇ ತನ್ನದೊಂದು ಕಚೇರಿಯನ್ನು ತೆರೆದಿದೆ.