ಧಾತು ಸಂವತ್ಸರದ ಆಟದ ಬಯಲು

ನಗರವೊಂದರ ಚರಿತ್ರೆಯನ್ನು ಅರಸುವವರು ಕೋಟೆಯ ಬಾಗಿಲಿಗೆ, ಗುಡಿಯ ಶಾಸನಕ್ಕೆ, ಕೆರೆಯ ಏರಿಗೆ ಹೋಗುವುದು ವಾಡಿಕೆ. ಆಟದ ಬಯಲಿನತ್ತ ತಿರುಗಿ ನೋಡುವವರು ವಿರಳ. ಆದರೆ ಬೆಂಗಳೂರಿನ ಸ್ಯಾಂಕಿ ರಸ್ತೆಯ ಮಗ್ಗುಲಲ್ಲಿ, ಹೈಗ್ರೌಂಡ್ಸ್ ಎಂದು ಹೆಸರಾದ ಎತ್ತರದ ನೆಲದಲ್ಲಿ ಹಬ್ಬಿರುವ ಗಾಲ್ಫ್ ಬಯಲು ಕೂಡ ಒಂದು ಚಾರಿತ್ರಿಕ ದಾಖಲೆಯೇ. ಅಲ್ಲಿರುವ ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪಿತವಾದದ್ದು 1876ರಲ್ಲಿ.

ಗಾಲ್ಫ್ ಸ್ಕಾಟ್ಲೆಂಡಿನ ಕಡಲಂಚಿನ ಮರಳುದಿಬ್ಬಗಳಲ್ಲಿ ಬೆಳೆದ ಆಟ. ಎಡಿನ್‌ಬರೋದ ಆಟಗಾರರು 1744ರಲ್ಲಿ ಅದಕ್ಕೆ ಲಿಖಿತ ನಿಯಮಗಳನ್ನು ಕಟ್ಟಿದರು. ಸಿಪಾಯಿಗಳ, ವರ್ತಕರ ಜೊತೆಯಲ್ಲಿ ಅದು ಹಡಗನ್ನೇರಿ ಬಂದಿತು. ಕಲ್ಕತ್ತೆಯಲ್ಲಿ 1829ರಲ್ಲಿ ಹುಟ್ಟಿದ ಕ್ಲಬ್ಬು ಬ್ರಿಟಿಷ್ ದ್ವೀಪಗಳ ಹೊರಗೆ ಇಂದಿಗೂ ಉಳಿದಿರುವ ಗಾಲ್ಫ್ ಕ್ಲಬ್ಬುಗಳಲ್ಲೆಲ್ಲ ಹಿರಿಯದು. ಬೆಂಗಳೂರಿಗಾದರೋ ದಂಡು 1809ರಲ್ಲಿಯೇ ಬಂದಿತ್ತು. 1831ರಿಂದ ಮೈಸೂರಿನ ಆಡಳಿತವೂ ಆಂಗ್ಲ ಕಮಿಷನರುಗಳ ಕೈಸೇರಿತ್ತು. ಹಿತವಾದ ಹವೆ, ವಿಶಾಲವಾದ ಬಯಲು, ಬಿಡುವುಳ್ಳ ಅಧಿಕಾರಿವರ್ಗ, ಇಷ್ಟಿದ್ದಮೇಲೆ ಆಟಕ್ಕೆ ಮತ್ತೇನು ಬೇಕು? ಅಂದಿನ ಗಾಲ್ಫ್ ಚೆಂಡು ಗಟಪರ್ಚದ್ದು. ಮಲಯದ ಮರವೊಂದರ ಹಾಲನ್ನು ಗಟ್ಟಿಗೊಳಿಸಿ ಉರುಟಾಗಿಸಿದ್ದು. ಆಟ ಸ್ಕಾಟ್ಲೆಂಡಿನದು, ಚೆಂಡು ಮಲಯದ್ದು, ನೆಲ ಮೈಸೂರಿನದು. ನಿಂಬೆಹಣ್ಣಿನ ಗಾತ್ರದ ಆ ಚೆಂಡಿನಲ್ಲಿ ಒಂದು ಸಾಮ್ರಾಜ್ಯವೇ ಅಡಗಿತ್ತು.

ಇನ್ನು ಆ ವರ್ಷದ ಮಾತು. 1876 ನಮ್ಮ ಪಂಚಾಂಗದ ಧಾತು ಸಂವತ್ಸರ. ಆ ವರ್ಷ ಮಳೆ ಕೈಕೊಟ್ಟಿತು. ಮುಂದಿನ ಈಶ್ವರ ಸಂವತ್ಸರಕ್ಕೂ ಬರ ಚಾಚಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಕುಸಿಯಿತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುದಾರಿಗೆ ಮಣ್ಣು ಹೊತ್ತವರಲ್ಲಿ ಬರಪರಿಹಾರದ ಕೂಲಿಯನ್ನು ನಂಬಿ ಬಂದ ಹಳ್ಳಿಗರಿದ್ದರು. ಆ ಬರದ ನಡುವೆಯೇ, 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಲು ದೆಹಲಿಯಲ್ಲಿ ವೈಭವದ ದರ್ಬಾರು ನೆರೆಯಿತು.

ಬರಕ್ಕೆ ಗಾಲ್ಫ್ ಕಾರಣವಲ್ಲ. ಹಾಗೆನ್ನುವುದು ಚರಿತ್ರೆಗೂ ಆಟಕ್ಕೂ ಮಾಡುವ ಅನ್ಯಾಯ. ಆದರೆ ಒಂದೇ ವರ್ಷವನ್ನು ಒಂದು ಊರು ಎರಡು ಬಗೆಯಾಗಿ ನೆನೆಯುತ್ತದೆ ಎಂಬುದನ್ನು ಗಮನಿಸಬೇಕು. ಕ್ಲಬ್ಬಿನ ಹುಟ್ಟು ಇಸವಿಯ ಲೆಕ್ಕದಲ್ಲಿ ಉಳಿಯಿತು. ಹಸಿವಿನ ನೆನಪು ಸಂವತ್ಸರದ ಹೆಸರಿನಲ್ಲಿ ಉಳಿಯಿತು. ಬೇರೆ ಬೇರೆ ಪಂಚಾಂಗಗಳಲ್ಲಿ ಬದುಕಿದ ಈ ಎರಡು ಬೆಂಗಳೂರುಗಳನ್ನು ಒಟ್ಟಿಗೆ ಓದಿದಾಗಲೇ ಚರಿತ್ರೆ ಪೂರ್ಣವಾದೀತು.

1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. ದಂಡಿನ ಪ್ರದೇಶ ಮರಳಲು 1947 ಬರಬೇಕಾಯಿತು. ಆಟವೂ ಕ್ರಮೇಣ ಕೈಬದಲಾಯಿಸಿತು. ಇತರರ ಗಾಲ್ಫ್ ಚೀಲಗಳನ್ನು ಹೊತ್ತು ನಡೆಯುವ ಹುಡುಗನಿಗೆ ಕ್ಯಾಡಿಯೆಂದು ಹೆಸರು. ಬೆಂಗಳೂರಿನ ಮತ್ತೊಂದು ಬಯಲಿನಲ್ಲಿ ಹಾಗೆ ಕ್ಯಾಡಿಯಾಗಿ ದುಡಿದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನು ಗೆದ್ದರು. ಕ್ಲಬ್ಬುಗಳ ಚರಿತ್ರೆಯನ್ನು ಸದಸ್ಯರ ಪಟ್ಟಿಯಿಂದ ಮಾತ್ರ ಬರೆಯಲಾಗದು. ಚೀಲ ಹೊತ್ತವರ ಹೆಜ್ಜೆಗಳಿಗೂ ಅಲ್ಲಿ ಸ್ಥಳ ಸಲ್ಲಬೇಕು.