ಕ್ಲಿನ್ನವೋ ಕಿಣ್ವವೋ: ಒಂದು ತಾಮ್ರಪಟ, ಒಂದು ತಾಳೆಗರಿ, ಹಿತ್ತಲಿನ ಬೇಲದ ಹಣ್ಣು

'ಕಿಣ್ವ' ಅಂದರೆ ಎನ್‌ಜೈಮ್ ಅಂತ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ನಾವೆಲ್ಲ ಓದಿದ್ದೇವೆ. ಈ ಪದವನ್ನು ಪಠ್ಯಪುಸ್ತಕದವರು ಹೊಸದಾಗಿ ಕಟ್ಟಿದ್ದಲ್ಲ. ಸಂಸ್ಕೃತದಲ್ಲಿ ಅದಕ್ಕೆ ಬಹಳ ಹಳೆಯ, ಬಹಳ ಮನೆಬಳಕೆಯ ಅರ್ಥ ಇದೆ: ಮದ್ಯ ಹುಳಿಯಲು ಹಾಕುವ ಹೆಪ್ಪು. ಹಾಲಿಗೆ ಮಜ್ಜಿಗೆ ಹೇಗೋ, ಸುರೆಗೆ ಕಿಣ್ವ ಹಾಗೆ.

ಈ ಒಂದು ಪದ ಗೊತ್ತಿಲ್ಲದೆ ಒಂದು ಶಾಸನದ ಅರ್ಥ ಹೇಗೆ ತಲೆಕೆಳಗಾಯಿತು, ಅದನ್ನು ಸರಿಪಡಿಸುವ ಗ್ರಂಥ ಮೈಸೂರಿಗೆ ಹೇಗೆ ಬಂತು ಅನ್ನೋದೇ ಇವತ್ತಿನ ವಿಷಯ. ಹಿತ್ತಲಿನ ಹಣ್ಣಿನಿಂದ ಮನೆಯಲ್ಲೇ ಪಾನೀಯ ಮಾಡಿಕೊಳ್ಳುವ ಹಳೆಯ ರೂಢಿಯ ಕಥೆಯೂ ಇದರೊಳಗೇ ಇದೆ.

ತಾಮ್ರಪಟ

ಮಹಾರಾಷ್ಟ್ರದ ಅಮರಾವತಿ ಜಿಲ್ಲೆಯ ಚಮ್ಮಕ್‌ನಲ್ಲಿ ಸಿಕ್ಕಿದ ವಾಕಾಟಕ ದೊರೆ ಇಮ್ಮಡಿ ಪ್ರವರಸೇನನ ತಾಮ್ರಪಟ 5ನೇ ಶತಮಾನದ್ದು. ಅವನ 18ನೇ ಆಳ್ವಿಕೆಯ ವರ್ಷದಲ್ಲಿ ಚರ್ಮಾಂಕ ಅನ್ನುವ ಊರನ್ನು ಸಾವಿರ ಬ್ರಾಹ್ಮಣರಿಗೆ ದತ್ತಿ ಕೊಟ್ಟ ದಾಖಲೆ. ದತ್ತಿ ಶಾಸನ ಓದುವ ಅಭ್ಯಾಸ ಇರುವವರಿಗೆ ಗೊತ್ತು, ಊರಿನ ಹೆಸರು ಬಂದ ಮೇಲೆ ಪರಿಹಾರಗಳ ಪಟ್ಟಿ ಶುರುವಾಗುತ್ತೆ. ಇಲ್ಲಿ ಹಲವು ಪದಗಳು 'ಅ'ಕಾರದಿಂದ ಆರಂಭ. ಅಕರದಾಯೀ, ಅಂದರೆ ಕರ ಕೊಡಬೇಕಿಲ್ಲ. ಅಭಟಚ್ಛಾತ್ರಪ್ರಾವೇಶ್ಯ, ಅಂದರೆ ರಾಜನ ಭಟರು ಊರೊಳಗೆ ಬರುವಂತಿಲ್ಲ. ಹೀಗೆ ಹೋಗುತ್ತಾ ಹೋಗುತ್ತಾ 'ಅಲವಣಕ್ಲಿನ್ನಕ್ರೇಣಿಖನಕಃ' ಅನ್ನುವ ಉದ್ದ ಸಮಾಸ ಸಿಗುತ್ತೆ.

ಇದನ್ನು ಪ್ರಕಟಿಸಿದವರು ಜೆ. ಎಫ್. ಫ್ಲೀಟ್, 1888ರಲ್ಲಿ. ಕನ್ನಡ ನಾಡಿನ ರಾಜವಂಶಗಳ ಬಗ್ಗೆ ಬರೆದ, ಲಾವಣಿಗಳನ್ನೂ ಸಂಗ್ರಹಿಸಿದ ಅದೇ ಫ್ಲೀಟ್. ಲವಣ ಅಂದರೆ ಉಪ್ಪು, ಕ್ರೇಣಿ ಅಂದರೆ ಕೊಳ್ಳುವುದು, ಖನಕ ಅಂದರೆ ಅಗೆಯುವುದು, ಗಣಿ. ಇವು ಸುಲಭ. ಉಳಿದದ್ದು 'ಕ್ಲಿನ್ನ'. ಸಂಸ್ಕೃತದಲ್ಲಿ ಕ್ಲಿನ್ನ ಅಂದರೆ ಒದ್ದೆಯಾದದ್ದು. ಪಕ್ಕದಲ್ಲೇ ಉಪ್ಪು ಇದೆ. ಫ್ಲೀಟ್ ಎರಡನ್ನೂ ಕೂಡಿಸಿ 'ಒದ್ದೆ ಉಪ್ಪು' ಮಾಡಿದರು. ಒದ್ದೆ ಉಪ್ಪನ್ನು ಕೊಳ್ಳುವ ಗಣಿಯ ಹಕ್ಕು ಈ ದತ್ತಿಯಲ್ಲಿ ಸೇರಿಲ್ಲ ಅನ್ನೋದು ಅವರ ತಾತ್ಪರ್ಯ.

ಅವರನ್ನು ಅಣಕಿಸಲು ಇದನ್ನು ಹೇಳುತ್ತಿಲ್ಲ. ಅವತ್ತು ಅವರ ಮೇಜಿನ ಮೇಲೆ ಇದ್ದ ಪುಸ್ತಕಗಳಿಂದ ಇದಕ್ಕಿಂತ ಒಳ್ಳೆಯ ಅರ್ಥ ಹೊರಡಿಸುವುದು ಕಷ್ಟವಿತ್ತು.

ತಾಳೆಗರಿ

1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಗ್ರಂಥಲಿಪಿಯ ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ಮುಂದೆ ಅವರೇ ಮೈಸೂರಿನ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾದರು. 1915ರ ಅನುವಾದಕ್ಕೆ ಪರಿಚಯದ ಮಾತು ಬರೆದವರು ಯಾರು ಗೊತ್ತಾ? ಇದೇ ಫ್ಲೀಟ್!

ಆ ಪುಸ್ತಕದ ಎರಡನೇ ಅಧಿಕರಣದಲ್ಲಿ ಸುರಾಧ್ಯಕ್ಷನ ಪ್ರಕರಣ ಇದೆ. ಇವತ್ತಿನ ಮಾತಲ್ಲಿ ಅಬಕಾರಿ ಅಧಿಕಾರಿ. ಅದರ ಮೊದಲ ವಾಕ್ಯದಲ್ಲೇ ಸುರೆ ಮತ್ತು ಕಿಣ್ವ ಜೋಡಿಯಾಗಿ ಬರುತ್ತವೆ: ಎರಡರ ವ್ಯಾಪಾರವನ್ನೂ ಆ ಕಸುಬಿನಲ್ಲೇ ಹುಟ್ಟಿದವರ ಕೈಲಿ ನಡೆಸಬೇಕು. ಕಿಣ್ವ ಕಟ್ಟುವ ಕ್ರಮವನ್ನೂ ಕೊಟ್ಟಿದೆ. ಒಂದು ದ್ರೋಣ ಉದ್ದಿನ ಹಿಟ್ಟು, ಹಸಿಯದೋ ಬೇಯಿಸಿದ್ದೋ, ಅದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಅಕ್ಕಿ, ಜೊತೆಗೆ ಮೋರಟ ಮೊದಲಾದ ಮೂಲಿಕೆಗಳು ಒಂದೊಂದು ಕರ್ಷ. ಉದ್ದು ಮತ್ತು ಅಕ್ಕಿ! ಇಡ್ಲಿ ಹಿಟ್ಟು ಉಬ್ಬುವುದನ್ನು ದಿನಾ ನೋಡುವ ನಮಗೆ ಇದರಲ್ಲಿ ವಿವರಿಸುವಂಥದ್ದು ಏನೂ ಇಲ್ಲ. (ಇಡ್ಲಿಯ ಇತಿಹಾಸ ಬೇರೆ, ದಯವಿಟ್ಟು ಎರಡನ್ನೂ ಗಂಟು ಹಾಕಬೇಡಿ.)

ಈ ಪ್ರಕರಣ ಓದಿದ ಮೇಲೆ ತಾಮ್ರಪಟಕ್ಕೆ ವಾಪಸ್ ಬಂದರೆ ಒದ್ದೆ ಉಪ್ಪು ನಿಲ್ಲುವುದಿಲ್ಲ. ಅದು 'ಕ್ಲಿನ್ವ', ಕಿಣ್ವದ್ದೇ ಇನ್ನೊಂದು ರೂಪ, ಅಂತ ನಂತರದ ವಿದ್ವಾಂಸರು ತೆಗೆದುಕೊಂಡರು. ಉಪ್ಪು, ಹೆಪ್ಪು, ಗಣಿ. ಮೂರೂ ರಾಜನ ಹಿಡಿತದ ವಸ್ತುಗಳು. ಪಟ್ಟಿಗೆ ತರ್ಕ ಬಂತು.

ಒಂದು 'ಅ'ಕಾರದ ಬೆಲೆ

ಆದರೆ ಪದದ ಅರ್ಥಕ್ಕಿಂತ ದೊಡ್ಡ ಪ್ರಶ್ನೆ ಮುಂದಿನ 'ಅ'ಕಾರದ್ದು. ಫ್ಲೀಟ್ ಪಟ್ಟಿಯ ಮೊದಲೆರಡು ಪದಗಳನ್ನು ವಿನಾಯಿತಿ ಅಂತ ಓದಿದರು (ಕರ ಇಲ್ಲ, ಭಟರ ಪ್ರವೇಶ ಇಲ್ಲ). ನಡುವಿನ ಪದಗಳಿಗೆ ಬಂದಾಗ ಅದನ್ನೇ 'ಈ ಹಕ್ಕು ಇವರಿಗೆ ಇಲ್ಲ' ಅಂತ ತಿರುಗಿಸಿದರು. ಒಂದೇ ಪಟ್ಟಿ, ಒಂದೇ ಉಪಸರ್ಗ, ಎರಡು ವಿರುದ್ಧ ಅರ್ಥ.

ಹೋಲಿಕೆಗೆ ನಮ್ಮಲ್ಲೇ ಒಂದು ಶಾಸನ ಇದೆ. ಈಗಿನ ವಿಜಯನಗರ ಜಿಲ್ಲೆಯ ಹಿರೇಹಡಗಲಿಯಲ್ಲಿ ಸಿಕ್ಕ, ಪಲ್ಲವ ಶಿವಸ್ಕಂದವರ್ಮನ 4ನೇ ಶತಮಾನದ ಪ್ರಾಕೃತ ತಾಮ್ರಪಟ. ಅದರಲ್ಲೂ 'ಅ'ಕಾರದ ಪರಿಹಾರಗಳ ಸಾಲಿದೆ. ಉಪ್ಪು ಮತ್ತು ಬೆಲ್ಲ, 'ಲೋಣ' ಮತ್ತು 'ಗುಳ', ಒಟ್ಟಿಗೆ ಬರುತ್ತವೆ. ಪ್ರಕಟಿಸಿದ ಬ್ಯೂಲರ್ ಅದನ್ನು ಉಪ್ಪು ಬೆಲ್ಲದ ಕಿರುಕುಳದಿಂದ ಮುಕ್ತಿ ಅಂತಲೇ ಓದಿದ್ದಾರೆ. ಅದೇ ನಿಯಮವನ್ನು ಚಮ್ಮಕ್‌ಗೆ ಹಾಕಿದರೆ, ಕಿಣ್ವದ ಮೇಲಿನ ರಾಜನ ಹಿಡಿತ ಈ ಊರಿಗೆ ಅನ್ವಯಿಸುವುದಿಲ್ಲ ಅಂತ ಆಗುತ್ತೆ. ಇಲ್ಲದ ಹಕ್ಕು ಇದ್ದ ಸ್ವಾತಂತ್ರ್ಯವಾಯಿತು. ಇದರಿಂದ ಆ ಸಾವಿರ ಬ್ರಾಹ್ಮಣರು ಕುಡಿಯುತ್ತಿದ್ದರು ಅಂತ ಹೇಳೋಕಾಗಲ್ಲ. ಊರಲ್ಲಿ ಒಕ್ಕಲಿದ್ದರು, ವೈದ್ಯರ ಅರಿಷ್ಟಗಳಿದ್ದವು. ಶಾಸನ ಹೇಳುವುದು ಇಷ್ಟೇ: ಹೆಪ್ಪಿನ ನೆಪದಲ್ಲಿ ಅಧಿಕಾರಿ ಬಾಗಿಲು ತಟ್ಟುವಂತಿಲ್ಲ.

ಬೇಲದ ಹಣ್ಣು

ಹಣ್ಣಿನ ವಿಷಯಕ್ಕೆ ಬರೋಣ. ಅದೇ ಪ್ರಕರಣದಲ್ಲಿ ಆಸವದ ಅಳತೆ ಇದೆ: ಬೇಲದ ಹಣ್ಣು (ಕಪಿತ್ಥ) ಒಂದು ತುಲಾ, ಫಾಣಿತ ಐದು ತುಲಾ, ಜೇನು ಒಂದು ಪ್ರಸ್ಥ. ತುಲಾ ಅಂದರೆ 100 ಪಲ. ಗ್ರಂಥದ್ದೇ ಲೆಕ್ಕದಲ್ಲಿ 200 ಪಲದ ದ್ರೋಣಕ್ಕೆ 16 ಪ್ರಸ್ಥ, ಅಂದರೆ ಒಂದು ಪ್ರಸ್ಥಕ್ಕೆ 12.5 ಪಲ. ಹಾಗಾಗಿ ಒಂದು ಕೆ.ಜಿ. ಹಣ್ಣಿಗೆ ಐದು ಕೆ.ಜಿ. ಫಾಣಿತ, ಸುಮಾರು 125 ಗ್ರಾಂ ಜೇನು. ಫಾಣಿತ ಅಂದರೆ ಅರೆಪಾಕದ ಕಬ್ಬಿನ ಹಾಲು, ಹೆಚ್ಚು ಕಡಿಮೆ ಮಲೆನಾಡಿನ ಜೋನಿ ಬೆಲ್ಲ.

ಎಂಜಿನಿಯರ್ ಬುದ್ಧಿ, ಸುಮ್ಮನಿರಲಿಲ್ಲ. ಹಿತ್ತಲಿನ ಬೇಲದ ಹಣ್ಣಿನ ತಿರುಳು 100 ಗ್ರಾಂ, ಜೋನಿ ಬೆಲ್ಲ 500 ಗ್ರಾಂ, ಒಂದು ಚಮಚ ಜೇನು, ಗಾಜಿನ ಭರಣಿ. ಮೂರು ವಾರ ಕಾದೆ. ಒಂದು ಗುಳ್ಳೆ ಏಳಲಿಲ್ಲ. ಅಮ್ಮ ಬಂದು ನೋಡಿ, "ಇದು ಗೊಜ್ಜು ಕಣೋ, ದೋಸೆಗೆ ಹಾಕ್ಕೊಂಡು ತಿನ್ನು" ಅಂದರು. ಅವರು ಹೇಳಿದ್ದೇ ಸರಿ. ಅಷ್ಟು ಸಕ್ಕರೆ ಇದ್ದರೆ ಯೀಸ್ಟ್‌ನ ಜೀವಕೋಶದೊಳಗಿನ ನೀರೇ ಹೊರಗೆ ಎಳೆದುಕೊಂಡು ಹೋಗುತ್ತೆ. ಮುರಬ್ಬ ಕೆಡದೆ ಉಳಿಯುವುದೂ ಇದೇ ಕಾರಣಕ್ಕೆ. ಅಂದರೆ ಅಳತೆಯಲ್ಲಿ ನೀರು ಬಿಟ್ಟುಹೋಗಿದೆ. ನೀರು ಹಾಕಿದರೆ ಏನಾಗುತ್ತೆ ಅನ್ನೋದನ್ನು ನಾನು ನೋಡಲಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಮದ್ಯ ತಯಾರಿಕೆಗೆ ಪರವಾನಗಿ ಬೇಕು, ನಾನು ಸುರಾಧ್ಯಕ್ಷನ ಕಾಲದಲ್ಲಿಲ್ಲ.

ನೀರನ್ನು ಯಾಕೆ ಬಿಟ್ಟ? ಮುಂದಿನ ವಾಕ್ಯದಲ್ಲಿ ಸುಳಿವಿದೆ: ಕಾಲು ಭಾಗ ಹೆಚ್ಚಾದರೆ ಉತ್ತಮ, ಕಾಲು ಭಾಗ ಕಡಿಮೆಯಾದರೆ ಕನಿಷ್ಠ. ನನಗೆ ಇದು ಅಡುಗೆ ಪುಸ್ತಕದ ಮಾತಾಗಿ ಕಾಣುವುದಿಲ್ಲ, ತಪಾಸಣೆಗೆ ಹೋಗುವವನ ಕೈಲಿರುವ ಸ್ಪೆಸಿಫಿಕೇಶನ್ ಶೀಟ್. ಬೆಲೆ ಬಾಳುವ ಪದಾರ್ಥ ಎಷ್ಟು ಬಿದ್ದಿದೆ ಅಂತ ಅಳೆಯುವವನಿಗೆ ಬಾವಿ ನೀರಿನ ಲೆಕ್ಕ ಬೇಕಿಲ್ಲ.

ಇನ್ನೊಂದು ವಿಷಯ ಗಮನಿಸಿ. ಧಾನ್ಯದ ಮೇದಕ, ಪ್ರಸನ್ನಗಳಿಗೆ ಕಿಣ್ವದ ಅಳತೆ ಇದೆ. ಬೇಲದ ಆಸವಕ್ಕಾಗಲಿ, ದ್ರಾಕ್ಷಿ ರಸದ 'ಮಧು'ವಿಗಾಗಲಿ ಇಲ್ಲ. ಧಾನ್ಯದ ಪಿಷ್ಟವನ್ನು ಮೊದಲು ಸಕ್ಕರೆ ಮಾಡಬೇಕು, ಅದಕ್ಕೆ ಕಿಣ್ವ ಬೇಕೇ ಬೇಕು. ದ್ರಾಕ್ಷಿಯಂಥ ಹಣ್ಣಿನಲ್ಲಿ ಸಕ್ಕರೆ ತಯಾರಿದೆ, ಸಿಪ್ಪೆಯ ಮೇಲೆ ಯೀಸ್ಟ್ ತಾನೇ ಕೂತಿದೆ. ಹಾಗಾಗಿ ಕಿಣ್ವವನ್ನು ಹಿಡಿದರೆ ಧಾನ್ಯದ ಸುರೆ ಪೂರ್ತಿ ರಾಜನ ಕೈಗೆ ಸಿಗುತ್ತೆ. ಇವತ್ತು ಅಬಕಾರಿಯವರು ಕಾಕಂಬಿಯ ಮೇಲೆ ಕಣ್ಣಿಟ್ಟ ಹಾಗೆ. ಹಿತ್ತಲಿನ ಹಣ್ಣು ಮಾತ್ರ ಆ ಗೇಟಿನಿಂದ ತಪ್ಪಿಸಿಕೊಳ್ಳುತ್ತೆ. ರಾಜಪಣ್ಯವಲ್ಲದ ಸರಕು ಮಾರುವವರಿಗೆ ನೂರಕ್ಕೆ ಐದು ಸುಂಕ ಹಾಕುವ ಪಟ್ಟಿಯಲ್ಲಿ ಅರಿಷ್ಟ, ಮಧುವಿನ ಜೊತೆ 'ಫಲಾಮ್ಲ', ಹಣ್ಣಿನ ಹುಳಿ ಪಾನೀಯ, ಹೆಸರಿಟ್ಟು ಬಂದಿರುವುದಕ್ಕೆ ಇದೇ ಕಾರಣ ಇರಬಹುದು ಅಂತ ನನ್ನ ಊಹೆ.

ಮನೆಯವರಿಗೆ ಬೇರೆ ವಿನಾಯಿತಿ ಇದೆ. ಕುಟುಂಬಸ್ಥರು ಮನೆಯ ಕಾರ್ಯಗಳಲ್ಲಿ ಬಿಳಿ ಸುರೆಯನ್ನೂ, ಔಷಧಿಗೆ ಅರಿಷ್ಟವನ್ನೂ ಮಾಡಿಕೊಳ್ಳಬಹುದು. ಉತ್ಸವ, ಜಾತ್ರೆಗಳಲ್ಲಿ ನಾಲ್ಕು ದಿನ ಅನುಮತಿ. ಅನುಮತಿ ಇಲ್ಲದೆ ಮಾಡಿದವನಿಗೆ ಹಬ್ಬ ಮುಗಿಯುವ ತನಕ ದಿನದ ಲೆಕ್ಕದಲ್ಲಿ ದಂಡ.

ಕೊನೆಗೊಂದು ಎಚ್ಚರಿಕೆ. ಕೊಡಗಿನ ಹೋಮ್‌ಮೇಡ್ ವೈನ್ ಹುಳಿಯಿಸಿದ್ದು. ಬ್ರಾಂದಿಯಲ್ಲೋ ವೋಡ್ಕಾದಲ್ಲೋ ಹಣ್ಣು ನೆನೆಸಿಡುವುದು ಬೇರೆ, ಅದಕ್ಕೆ ಮೊದಲು ಭಟ್ಟಿ ಇಳಿಸಿದ ಸ್ಪಿರಿಟ್ ಬೇಕು. ಸುರಾಧ್ಯಕ್ಷನ ಪ್ರಕರಣದಲ್ಲಿ ಭಟ್ಟಿಯ ಮಾತೇ ಇಲ್ಲ. ಹಣ್ಣು ನೆನೆಸಿದ ಮದ್ಯಕ್ಕೆ ಅಲ್ಲಿ ಅತ್ಯಂತ ಹತ್ತಿರದ್ದು 'ಸಹಕಾರಸುರಾ', ಘಮದ ಮಾವು ಸೇರಿಸಿದ ಸುರೆ. ಅದೂ ಹುಳಿಯಿಸಿದ್ದೇ. ಆದ್ದರಿಂದ ಶಾಸನದಲ್ಲೋ ಕಾವ್ಯದಲ್ಲೋ 'ಮದ್ಯ' ಕಂಡ ಕೂಡಲೇ ಸ್ಪಿರಿಟ್ ಅಂತ ಅನುವಾದ ಮಾಡಿ ವಾಟ್ಸಾಪಿನಲ್ಲಿ ಹಂಚಬೇಡಿ.

ನಾವು ಹವ್ಯಾಸಿಗಳು ಪರಿಹಾರದ ಪಟ್ಟಿ ಬಂದ ಕೂಡಲೇ ಮಾಮೂಲಿ ಸಾಲು ಅಂತ ಹಾರಿಸಿ ದೊರೆಯ ವಂಶಾವಳಿಗೆ ಹೋಗುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೇನೆ. ಆದರೆ ಉಪ್ಪು, ಬೆಲ್ಲ, ಹಾಲು, ಹೂವು, ಹೆಪ್ಪು, ಊರಿನವರ ಬದುಕು ಇರುವುದೆಲ್ಲ ಆ ಹಾರಿಸಿದ ಸಾಲಿನಲ್ಲೇ. ಮುಂದಿನ ಸಲ ದತ್ತಿ ಶಾಸನ ಕೈಗೆ ಬಂದಾಗ ಅಲ್ಲಿಂದಲೇ ಓದಲು ಶುರು ಮಾಡಿ. ಅರ್ಥವಾಗದ ಪದ ಸಿಕ್ಕರೆ ನಿಘಂಟಿನ ಜೊತೆ ಅಡುಗೆಮನೆಯಲ್ಲೂ ಒಮ್ಮೆ ಕೇಳಿ.