ವಾತವೆಂಬ ಒಂದೇ ಹೆಸರು, ಕಾಯಿಲೆ ಮಾತ್ರ ಹಲವು

ಹೆಬ್ಬಾಳ ಮತ್ತು ಯಲಹಂಕದ ನಡುವಿನ ಕೊಡಿಗೇಹಳ್ಳಿ ಕೆಲವು ದಶಕಗಳ ಹಿಂದೆ ಹೆಸರಿಗೆ ತಕ್ಕಂತೆ ಹಳ್ಳಿಯೇ ಆಗಿತ್ತು. ಅಂದು ಹೊಲದಲ್ಲಿ ಕಳೆ ಕಿತ್ತವರು, ಬಾವಿಯಿಂದ ನೀರು ಸೇದಿದವರು ಇಂದು ಬಡಾವಣೆಯ ಮನೆಗಳಲ್ಲಿ ಅಜ್ಜ ಅಜ್ಜಿಯರಾಗಿದ್ದಾರೆ. ಚಳಿಗಾಲದ ಬೆಳಗಿನಲ್ಲಿ ಮಂಡಿ ಹಿಡಿದುಕೊಂಡು ಮೇಲೇಳುವ ಅಜ್ಜಿಯನ್ನು ಏನಾಯಿತೆಂದು ಕೇಳಿದರೆ ಬರುವ ಉತ್ತರ ಒಂದೇ: ‘ವಾಯು ಕಣಪ್ಪ, ವಯಸ್ಸಾಯಿತಲ್ಲ.’ ಇದು ಕೊಡಿಗೇಹಳ್ಳಿಯೊಂದರ ಮಾತಲ್ಲ, ಇಡೀ ನಾಡಿನ ಮಾತು. ಆದರೆ ಕೀಲು ಹಿಡಿಯುವುದೆಲ್ಲ ಒಂದೇ ಕಾಯಿಲೆಯೇ? ವಯಸ್ಸೊಂದೇ ಅದಕ್ಕೆ ಕಾರಣವೇ?

ಹಿಂದಿನ ವೈದ್ಯರೂ ಹಾಗೆ ಭಾವಿಸಿರಲಿಲ್ಲ. ‘ಚರಕ ಸಂಹಿತೆ’ ವಾತರಕ್ತವೆಂಬ ಕಾಯಿಲೆಯನ್ನು ಬೇರೆಯಾಗಿಯೇ ವಿವರಿಸುತ್ತದೆ. ಮಾಧವಕರನ ‘ಮಾಧವ ನಿದಾನ’ ಗ್ರಂಥದಲ್ಲಿ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಪಶ್ಚಿಮದಲ್ಲಿ ಇಂಗ್ಲೆಂಡಿನ ವೈದ್ಯ ಆಲ್ಫ್ರೆಡ್ ಗ್ಯಾರಡ್ 1859ರಲ್ಲಿ ‘ರುಮಟಾಯ್ಡ್ ಆರ್ಥ್ರೈಟಿಸ್’ ಎಂಬ ಹೆಸರನ್ನು ಬಳಕೆಗೆ ತಂದು, ಅದು ಗೌಟ್‌ಗಿಂತ ಬೇರೆಯದೆಂದು ತೋರಿಸಿದ. ಇಂಥ ಭೇದಗಳನ್ನು ಮರೆತು ಎಲ್ಲವನ್ನೂ ‘ವಾತ’ದ ಒಂದೇ ಚೀಲಕ್ಕೆ ತುಂಬಿದ್ದು ಆಡುಮಾತು. ಇದರಿಂದಾಗುವ ತೊಂದರೆಯೇನು ಎಂಬುದಕ್ಕೆ ಮಲೆನಾಡಿನ ಒಂದು ಪುಟ್ಟ ಊರಿನ ಕಥೆಯೇ ಸಾಕ್ಷಿ.

ಹಂದಿಗೋಡಿನ ಪಾಠ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು 1970ರ ದಶಕದ ಮಧ್ಯಭಾಗದಲ್ಲಿ ವೈದ್ಯಲೋಕದ ಗಮನ ಸೆಳೆಯಿತು. ಅಲ್ಲಿ ಕೀಲು ಹಿಡಿದವರು ಮುದುಕರಷ್ಟೇ ಅಲ್ಲ, ಮಕ್ಕಳು ಮತ್ತು ಹರೆಯದವರು ಕೂಡ. ಮೊದಲು ಸೊಂಟದ ಕೀಲಿನಲ್ಲಿ ನೋವು, ಬಳಿಕ ಮಂಡಿಯಲ್ಲಿ. ಕ್ರಮೇಣ ನಡಿಗೆಯೇ ಕಷ್ಟವಾಗಿ, ಕೆಲವರು ಕೋಲಿಗೆ, ಕೆಲವರು ತೆವಳುವ ಸ್ಥಿತಿಗೆ ಬಂದರು. ಕೆಲವರ ಬೆಳವಣಿಗೆಯೇ ಕುಂಠಿತವಾಗಿ ಕುಳ್ಳಾಗಿ ಉಳಿದರು. ಕಾಯಿಲೆಗೆ ತುತ್ತಾದವರಲ್ಲಿ ಹೆಚ್ಚಿನವರು ಚನ್ನಂಗಿ ಮತ್ತು ಚಲವಾದಿ ಸಮುದಾಯಗಳ ಬಡ ಕೃಷಿ ಕೂಲಿಕಾರರು. ಕೂಲಿಯನ್ನೇ ನಂಬಿದ ಮನೆಯಲ್ಲಿ ಕಾಲು ನಿಂತರೆ ಒಲೆಯೂ ನಿಂತಂತೆ.

ಕಾರಣ ಹುಡುಕಲು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದರು. ಗದ್ದೆಗೆ ಹೊಸದಾಗಿ ಬಂದಿದ್ದ ಕೀಟನಾಶಕದ ಮೇಲೆ ಮೊದಲು ಅನುಮಾನ ಮೂಡಿತು. ಆ ಗದ್ದೆಗಳ ಏಡಿ, ಮೀನುಗಳನ್ನು ತಿಂದದ್ದೇ ಕಾರಣವಿರಬಹುದೆಂಬ ಶಂಕೆ ಬಹುಕಾಲ ಚರ್ಚೆಯಲ್ಲಿತ್ತು. ಬಡವರ ಊಟದ ತಟ್ಟೆಯೇ ಆರೋಪಿಯ ಸ್ಥಾನದಲ್ಲಿ ನಿಂತಿತ್ತು.

ಮುಂದೆ ಲಖನೌದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ಡಾ. ಎಸ್.ಎಸ್. ಅಗರ್‌ವಾಲ್ ಮತ್ತು ಸಂಗಡಿಗರು ರೋಗಿಗಳ ಎಕ್ಸ್‌ರೇ ಹಾಗೂ ವಂಶಾವಳಿಗಳನ್ನು ಪರಿಶೀಲಿಸಿದರು. ಇದು ಬೆನ್ನೆಲುಬು ಮತ್ತು ಉದ್ದ ಮೂಳೆಗಳ ತುದಿಗಳ ಬೆಳವಣಿಗೆಯಲ್ಲಿನ ಲೋಪ, ವಂಶವಾಹಿಯ ಮೂಲಕ ಬರುವಂಥದು ಎಂದು 1994ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ತಂದೆ ತಾಯಿಗಳಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೂ ಹುಟ್ಟುವ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬಲ್ಲಿನ ಕೀಲುರೋಗಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು 1997ರಲ್ಲಿ ಸಂಶೋಧಕರು ಚರ್ಚಿಸಿದರು.

ಮೂಲದಿಂದ ಗುಣಪಡಿಸುವ ಔಷಧಿ ಹಂದಿಗೋಡಿನ ಕಾಯಿಲೆಗೆ ಇನ್ನೂ ಇಲ್ಲ. ನೋವುಶಮನ, ವ್ಯಾಯಾಮ, ಅಗತ್ಯವಿದ್ದವರಿಗೆ ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ, ಇಷ್ಟೇ ದಾರಿ. ಆದರೂ ಅದು ಶಾಪವಲ್ಲ, ಅಂಟುರೋಗವಲ್ಲ, ಸಾಧಾರಣ ವಾತವೂ ಅಲ್ಲ ಎಂದು ತಿಳಿದದ್ದೇ ದೊಡ್ಡ ಸಂಗತಿ.

ನೀರಿನಿಂದ, ಸೊಳ್ಳೆಯಿಂದ

ಕೀಲು ಹಿಡಿಯಲು ಕುಡಿಯುವ ನೀರೂ ಕಾರಣವಾಗಬಲ್ಲದು. ಭಾರತದಲ್ಲಿ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ನಮ್ಮ ಕೋಲಾರ, ಪಾವಗಡದ ಕಡೆಯೂ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದುಂಟು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲಿನ ಬಣ್ಣ ಕೆಡಬಹುದು. ಪ್ರಮಾಣ ಇನ್ನೂ ಹೆಚ್ಚಿದ್ದಲ್ಲಿ ಮೂಳೆ ಗಡುಸಾಗಿ ಬೆನ್ನು, ಕತ್ತು ಬಗ್ಗದಂತಾಗುತ್ತದೆ.

ಇನ್ನೊಂದು ಚಿಕುನ್‌ಗುನ್ಯಾ. 1952ರಲ್ಲಿ ಇಂದಿನ ತಾಂಜಾನಿಯಾದಲ್ಲಿ ಮೊದಲು ಗುರುತಿಸಲಾದ ಈ ಜ್ವರದ ಹೆಸರಿಗೆ ಅಲ್ಲಿನ ಮಕೊಂಡೆ ಭಾಷೆಯಲ್ಲಿ ‘ಬಗ್ಗಿಸುವಂಥದು’ ಎಂಬ ಅರ್ಥವಿದೆ. 2006ರಲ್ಲಿ ಅದು ಕರ್ನಾಟಕದ ಹಳ್ಳಿ ಹಳ್ಳಿಗಳನ್ನೂ ಬಗ್ಗಿಸಿತು. ಜ್ವರ ಬಿಟ್ಟು ತಿಂಗಳುಗಳಾದರೂ ಬೆರಳು ಮಡಿಸಲಾಗದೆ ಪರದಾಡಿದವರು ಅನೇಕ.

ಯಾವಾಗ ಕಾಯಬಾರದು?

ಅತಿ ಸಾಮಾನ್ಯವಾದುದು ಮೃದ್ವಸ್ಥಿ ಸವೆದು ಬರುವ ಸಂಧಿವಾತ. ಇದರಲ್ಲಿ ಬೆಳಗಿನ ಬಿಗಿತ ಸಾಧಾರಣವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ತೂಕ ಇಳಿಸುವುದು, ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಕೊಡುವುದು ಇದಕ್ಕೆ ಮೊದಲ ಮದ್ದು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಭುಜ ಹಿಡಿದು ಕೈ ಮೇಲೆತ್ತಲಾಗದಿರುವುದೂ ಹೆಚ್ಚು.

ಆದರೆ ಬಿಗಿತ ಒಂದು ಗಂಟೆಗೂ ಹೆಚ್ಚು ಉಳಿದರೆ, ಎರಡೂ ಕೈಗಳ ಬೆರಳ ಗೆಣ್ಣುಗಳು ಊದಿದರೆ, ಕೆಲವು ವಾರಗಳಾದರೂ ಇಳಿಯದಿದ್ದರೆ ಅದು ರುಮಟಾಯ್ಡ್ ಇರಬಹುದು. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ಎರಗುವ ಈ ರೋಗ ಹರೆಯದಲ್ಲೂ ಬರುತ್ತದೆ. ಇದನ್ನು ಹತೋಟಿಯಲ್ಲಿಡುವ ಮಾತ್ರೆಗಳು ಇಂದು ಇವೆ. ಮೊದಲ ತಿಂಗಳುಗಳಲ್ಲೇ ಆರಂಭಿಸಿದರೆ ಕೀಲು ಉಳಿಯುತ್ತದೆ. ಸೊಟ್ಟಗಾದ ಬೆರಳನ್ನು ಮಾತ್ರೆ ನೆಟ್ಟಗೆ ಮಾಡಲಾರದು.

ಒಂದು ಕೀಲು ದಿಢೀರನೆ ಕೆಂಪಾಗಿ, ಬಿಸಿಯಾಗಿ ಊದಿ ಜೊತೆಗೆ ಜ್ವರವೂ ಬಂದರೆ ಅಂದೇ ಆಸ್ಪತ್ರೆ ಸೇರಬೇಕು. ಕೀಲಿನೊಳಗೆ ಕೀವಾಗಿದ್ದರೆ ಕೆಲವೇ ದಿನಗಳಲ್ಲಿ ಅದು ಕೀಲನ್ನು ಹಾಳುಮಾಡುತ್ತದೆ. ಬಿದ್ದ ಮೇಲೆ ಕಾಲೂರಲಾಗದಿದ್ದರೂ ತಡ ಸಲ್ಲದು. ಮಗು ಕುಂಟಿದರೆ ‘ಆಟದಲ್ಲಿ ಪೆಟ್ಟಾಗಿರಬೇಕು’ ಎಂದು ವಾರಗಟ್ಟಲೆ ಸುಮ್ಮನಿರುವುದು ತಪ್ಪು. ಹೆಸರಿಲ್ಲದ ಪುಡಿ, ಗುಳಿಗೆಗಳ ವಿಚಾರದಲ್ಲೂ ಎಚ್ಚರ ಬೇಕು. ಎರಡೇ ದಿನದಲ್ಲಿ ನೋವು ಮಾಯ ಮಾಡುವ ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಬಹುಕಾಲ ಸೇವಿಸಿದರೆ ಅದು ಮೂಳೆಯನ್ನೇ ಟೊಳ್ಳು ಮಾಡುತ್ತದೆ.

ಹಂದಿಗೋಡಿನವರ ಕಾಯಿಲೆಯ ಸ್ವರೂಪ ಅವರಿಗೆ ತಿಳಿಯಲು ಸುಮಾರು ಎರಡು ದಶಕ ಬೇಕಾಯಿತು. ಕೊಡಿಗೇಹಳ್ಳಿಯ ಅಜ್ಜಿಗೆ ಅಷ್ಟು ಕಾಯಬೇಕಾದ ಅಗತ್ಯವಿಲ್ಲ. ಬೆಳಗ್ಗೆ ಎದ್ದ ಮೇಲೆ ಮಂಡಿ ಎಷ್ಟು ಹೊತ್ತಿಗೆ ಸಡಿಲವಾಗುತ್ತದೆ ಎಂದು ಮನೆಯವರು ಗಡಿಯಾರ ನೋಡಿದರೂ ಸಾಕು, ವೈದ್ಯರಿಗೆ ಅರ್ಧ ದಾರಿ ತೋರಿಸಿದಂತೆ.